ಗಂಟುಮೂಟೆ ಸಮೇತ ಶಿವಪುರ

ನಮ್ಮತ್ತೆಯವರ ಪ್ರಕಾರ ಕೂಸು ಕಟ್ಟಿಕೊಂಡು ಊರಿಗೆ ಹೊರಡಲು ಬೇಕಾದದ್ದು ಒಂದು ಹಳೇ ನೂಲಿನ ಸೀರೆ, ಒಂದು ಡಬ್ಬಿ ರಾಗಿ ಸರಿಹಿಟ್ಟು, ಒಂದು ಚೊಂಬು. ಸೀರೆ ಹಾಸಿಗೆಯಾಗುತ್ತದೆ, ಹೊದಿಕೆಯಾಗುತ್ತದೆ, ಹಾಲೂಡುವಾಗ ಮರೆಯಾಗುತ್ತದೆ, ಮರ ಸಿಕ್ಕರೆ ಜೋಲಿಯಾಗುತ್ತದೆ. ಹಿಟ್ಟು ಕಲಸಲು ಎಲ್ಲಿ ಹೋದರೂ ಯಾರಾದರೂ ಬಿಸಿನೀರು ಕೊಡುತ್ತಾರೆ. ಚೊಂಬಿನ ಉಪಯೋಗ ಹೇಳಬೇಕಾಗಿಲ್ಲ. “ಮೂರು ಐಕ್ಳ ಕಟ್ಕಂಡು ಮುತ್ತತ್ತಿಗೆ ಓಗಿ ಬರ್ತಿರ್ನಿಲ್ವಾ ನಾವು? ಅವಾಗ ಯಾವ ಬ್ಯಾಗಿತ್ತು?” ಎನ್ನುತ್ತಾರೆ. ಮಳವಳ್ಳಿ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಅವರ ಮಾತು ಇನ್ನೂ ಶಿಂಷಾ ನದಿ ದಾಟಿಲ್ಲ.

ನನ್ನ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡು ವಾರಗಟ್ಟಲೆ ಬೆಳೆಯುತ್ತದೆ. ನಾಲ್ಕು ವರ್ಷದವಳಿಗೆ ದಿನಕ್ಕೆ ಮೂರು ಜೊತೆ ಬಟ್ಟೆ, ಒಂದೂವರೆ ವರ್ಷದವನಿಗೆ ಐದು. ಡೈಪರ್ ಕಟ್ಟು, ಒದ್ದೆ ಟಿಶ್ಯೂ, ರಬ್ಬರ್ ಶೀಟು, ಎರಡು ಫ್ಲಾಸ್ಕು, ಕುಕ್ಕರ್. ಅವಳಿಗೆ ಕಿವಿ ಹರಿದ ಬಟ್ಟೆ ಮೊಲ ಪಕ್ಕದಲ್ಲಿಲ್ಲದಿದ್ದರೆ ನಿದ್ದೆಯಿಲ್ಲ. ಅವನಿಗೆ ಅವನ ಸ್ಟೀಲ್ ಲೋಟ ಬಿಟ್ಟು ಬೇರೆ ಲೋಟದಲ್ಲಿ ನೀರು ಇಳಿಯುವುದಿಲ್ಲ. ಈ ಸಲ ಮಳವಳ್ಳಿಗೆ ಹೊರಡುವ ಹಿಂದಿನ ರಾತ್ರಿ ಅತ್ತೆ ಮೊಸರನ್ನ ಕಲಸಿದರು: ಅನ್ನವನ್ನು ಚೆನ್ನಾಗಿ ಮಿದ್ದು, ಉಗುರುಬೆಚ್ಚಗಾದ ಮೇಲೆ ಹಾಲು ಧಾರಾಳವಾಗಿ ಸುರಿದು, ಹೆಪ್ಪಿಗೆಂಬಂತೆ ಒಂದೇ ಚಮಚ ಮೊಸರು. ಹಾಗೆ ಮಾಡಿದರೆ ಮಾರನೆಯ ದಿನ ಮಧ್ಯಾಹ್ನಕ್ಕೆ ಹದವಾಗಿ ಕೂಡಿಕೊಂಡಿರುತ್ತದೆ, ಹುಳಿ ಏರಿರುವುದಿಲ್ಲ. ಈ ಒಂದು ವಿದ್ಯೆಯಲ್ಲಿ ನಾನು ಅವರ ಶಿಷ್ಯೆ. ನಮ್ಮ ಮನೆಯವರ ಸಿದ್ಧತೆ ಟೈರಿಗೆ ಗಾಳಿ, ಫಾಸ್ಟ್ಯಾಗಿಗೆ ದುಡ್ಡು. ಅಷ್ಟು ಮುಗಿಸಿ ಅವರು ಡಿಕ್ಕಿಯ ಪಕ್ಕ ಕೈಕಟ್ಟಿ ನಿಂತು, “ಇದೆಲ್ಲ ಹಿಡಿಸೋದಿಲ್ಲ” ಎಂದು ತೀರ್ಪು ಕೊಡುತ್ತಾರೆ.

ಡಿಕ್ಕಿಯಿಂದ ಏನನ್ನಾದರೂ ಇಳಿಸಿ, ಮೂರು ವಸ್ತು ಇಳಿಸಲು ನಾನು ಬಿಡುವುದಿಲ್ಲ. ಔಷಧಿ ಚೀಲ ಮೊದಲನೆಯದು. ಮಗುವಿನ ತೂಕ ನೋಡಿ ಡಾಕ್ಟರು ಅಳತೆ ಬರೆದುಕೊಟ್ಟ ಜ್ವರದ ಸಿರಪ್ಪು, ಓಆರ್‌ಎಸ್ ಪೊಟ್ಟಣ, ಆ ಪೊಟ್ಟಣಕ್ಕೆ ಎಷ್ಟು ನೀರು ಎಂದು ಬರೆದಿರುತ್ತದೋ ಅಷ್ಟೇ ನೀರು ಹಿಡಿಸುವ ಬಾಟಲಿ. ಅಂದಾಜಿನಲ್ಲಿ ಕಲಸಿದ ಓಆರ್‌ಎಸ್ ಉಪಕಾರಕ್ಕಿಂತ ಅಪಕಾರ ಮಾಡಬಹುದು. ಎರಡನೆಯದು ಮಕ್ಕಳ ಸೀಟು. ಇದರ ಮೇಲೆ ಅತ್ತೆಗೆ ಬಹಳ ಸಿಟ್ಟು, ಮೊಮ್ಮಗ ತೊಡೆಯ ಮೇಲೆ ಕೂರುವುದಿಲ್ಲವಲ್ಲ ಎಂದು. ಹದಿನಾಲ್ಕರೊಳಗಿನ ಮಕ್ಕಳಿಗೆ ಬೆಲ್ಟು ಅಥವಾ ಸೀಟು ಇರಲೇಬೇಕೆಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆ ಹೇಳಿದೆ, ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡದ ಮಾತು ಹೇಳಿದ ಮೇಲೆ ಅವರು ಸುಮ್ಮನಾದರು. ಮಗುವಿನ ಪ್ರಾಣದ ಮಾತು ಹೇಳಿದಾಗ ಆಗಿರಲಿಲ್ಲ. ಮೂರನೆಯದು ಕೈಗೆಟಕುವ ಜಾಗದಲ್ಲಿ ಒಂದೊಂದು ಜೊತೆ ಬಟ್ಟೆ ಮತ್ತು ಒಂದು ಪ್ಲಾಸ್ಟಿಕ್ ಚೀಲ. ಡಿಕ್ಕಿಯ ತಳದಲ್ಲಿ ಇಪ್ಪತ್ತು ಜೊತೆ ಇದ್ದರೂ ವಾಂತಿಯಾದ ಹೊತ್ತಿಗೆ ಅವು ಬೆಂಗಳೂರಿನ ಬೀರುವಿನಲ್ಲಿದ್ದಂತೆಯೇ.

ಉಳಿದದ್ದು ಯಾಕೆ ಇಷ್ಟು ಬೆಳೆಯಿತು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನಮ್ಮ ತಲೆಮಾರಿನ ತಾಯಂದಿರಿಗೆ ಭಯ ಜಾಸ್ತಿ ಎಂದು ಹೇಳಿಬಿಡುವುದು ಸುಲಭ, ಅತ್ತೆ ಹೇಳುವುದೂ ಅದನ್ನೇ. ನನಗೆ ಅನ್ನಿಸುವುದು ಬೇರೆ. ನಮ್ಮ ಚೀಲ ಊದಿಸಿದ್ದು ರಸ್ತೆ. ಹಳೆಯ ಬೆಂಗಳೂರು–ಮೈಸೂರು ರಸ್ತೆ ಊರಿಂದ ಊರಿಗೆ ಹೋಗುತ್ತಿತ್ತು: ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಅಳುವ ಮಗುವಿಗೊಂದು ಮರದ ಗೊಂಬೆ, ಮದ್ದೂರಲ್ಲಿ ವಡೆ, ಮಂಡ್ಯದಲ್ಲಿ ಔಷಧಿ ಅಂಗಡಿ. ಬೇಕಾದದ್ದು ದಾರಿಯಲ್ಲೇ ಇತ್ತು, ಹೊರಬೇಕಾದ್ದಿರಲಿಲ್ಲ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಈ ಊರುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಸುಮಾರು 118 ಕಿಲೋಮೀಟರ್ ಉದ್ದಕ್ಕೆ ಬೇಲಿ ಹಾಕಿಕೊಂಡು ನುಗ್ಗಿತು. ಅದೇ ವರ್ಷ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರು ಅಲ್ಲಿ ಹತ್ತುವಂತಿಲ್ಲ. ಬೇಗ ಮುಟ್ಟುತ್ತೇವೆ ನಿಜ. ಆದರೆ ಮಗುವಿಗೆ ಒಂದಕ್ಕೆ ಬಂದರೆ ಎಲ್ಲಿ ನಿಲ್ಲಿಸುತ್ತೀರಿ? ದಾರಿಯಲ್ಲಿ ಶೌಚಾಲಯವಿಲ್ಲ, ಕೂರಲು ನೆರಳಿಲ್ಲ ಎಂದು ಶುರುವಿನಿಂದಲೂ ಜನ ದೂರುತ್ತಲೇ ಬಂದರು. ಯಾರೂ ಎದುರಾಗದ ರಸ್ತೆಯಲ್ಲಿ ಹೋಗುವವರು ಬಿಸಿನೀರನ್ನೂ ಮರದ ನೆರಳನ್ನೂ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು.

ಇಷ್ಟರ ನಡುವೆ ಒಂದು ಕಡೆ ರಸ್ತೆ ಬದಿಯ ಹೊಸ ಊಟದ ಮಳಿಗೆಗೆ ಇಳಿದು ಫ್ಲಾಸ್ಕಿಗೆ ಬಿಸಿನೀರು ಕೇಳಿದೆ. ಗಲ್ಲಾದ ಹುಡುಗ ತಲೆಯೆತ್ತದೆ, “ಬಾಟಲಿ ನೀರು ತಗೊಳ್ಳಿ ಮೇಡಂ” ಎಂದ. ಬಿಸಿನೀರು ಮೆನುವಿನಲ್ಲಿರಲಿಲ್ಲ, ಹಾಗಾಗಿ ಅದಕ್ಕೆ ಬಿಲ್ಲು ಹೊಡೆಯಲು ಬರುತ್ತಿರಲಿಲ್ಲ.

ಮದ್ದೂರು ಹತ್ತಿರವಾಗುವಷ್ಟರಲ್ಲಿ ಮಗಳ ಮುಖ ಬಿಳಿಚಿತು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೇ ಪ್ರಯಾಣದ ವಾಂತಿ ಹೆಚ್ಚು, ಎರಡರೊಳಗಿನವು ಸಾಮಾನ್ಯವಾಗಿ ಆರಾಮಾಗಿರುತ್ತವೆ. ಆದ್ದರಿಂದ ಅಕ್ಕ ಕಕ್ಕುತ್ತಿದ್ದರೆ ತಮ್ಮ ಚಪ್ಪಾಳೆ ತಟ್ಟುತ್ತಿದ್ದ. ಸರ್ವಿಸ್ ರಸ್ತೆಗೆ ಇಳಿದು, ಹಳೆಯ ರಸ್ತೆ ಹಿಡಿದು, ಮೊದಲು ಸಿಕ್ಕ ಮರದಡಿ ಕಾರು ನಿಲ್ಲಿಸಿದೆವು. ಆ ಮರದಡಿ ಎಳನೀರಿನ ರಾಶಿ ಹಾಕಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಊರು ಶಿವಪುರ. ಈಗ ಅದು ಮದ್ದೂರಿನ ಒಂದು ಬಡಾವಣೆಯಂತೆಯೇ ಬೆರೆತುಹೋಗಿದೆ, ಬೋರ್ಡು ನೋಡದಿದ್ದರೆ ಬೇರೆ ಊರೆಂದು ತಿಳಿಯುವುದಿಲ್ಲ.

ನಾನು ಬಟ್ಟೆ ಬದಲಿಸಲು ಚೀಲ ತೆರೆದೆ. ಆ ಚೀಲದ ಕೆಳಗಿನ ಚೀಲ, ಅದರ ಕೆಳಗಿನ ಪೆಟ್ಟಿಗೆ, ಕುಕ್ಕರ್, ಎಲ್ಲ ಒಂದೊಂದಾಗಿ ರಸ್ತೆ ಬದಿಗೆ ಇಳಿದವು. ಅಜ್ಜಿ ಮಚ್ಚು ಕೆಳಗಿಟ್ಟು ನೋಡುತ್ತಲೇ ಇದ್ದರು.

“ಏನವ್ವ, ಮನೆ ಖಾಲಿ ಮಾಡ್ಕಂಡ್ ಒಂಟ್ರಾ?”

ಅತ್ತೆಗೆ ಅಷ್ಟು ಸಾಕಾಗಿತ್ತು. ಕಾರಿನಿಂದ ಇಳಿದವರೇ ಅಜ್ಜಿಯ ಪಕ್ಕ ಗೋಣಿತಾಟಿನ ಮೇಲೆ ಕೂತು, “ಏಳಕ್ಕ ನೀನೇಯ” ಎಂದರು. ಇಬ್ಬರೂ ಸೇರಿ ನನ್ನ ಸಂಸಾರವನ್ನು ವಿಚಾರಣೆಗೆ ತೆಗೆದುಕೊಂಡರು. ಅಜ್ಜಿ ಮಾತಾಡುತ್ತಲೇ ಒಂದು ಎಳನೀರು ಕೆತ್ತಿ, ಮಗಳಿಗೆ ಸ್ಟ್ರಾ ಹಾಕಿ ಕೊಟ್ಟು, “ಗುಟುಕು ಗುಟುಕು ಕುಡಿ ಮಗ, ಗಟಗಟ ಅನ್ಬ್ಯಾಡ” ಎಂದರು. ಡಾಕ್ಟರು ಹೇಳಿದ್ದೂ ಅದೇ ಮಾತು, ವಾಂತಿಯಾದ ಮೇಲೆ ಸ್ವಲ್ಪ ಸ್ವಲ್ಪ ಕುಡಿಸಿ ಎಂದು. ಅವರು ಮಗ ಅಂದಿರಲಿಲ್ಲ, ಅಷ್ಟೇ ವ್ಯತ್ಯಾಸ. ಆಮೇಲೆ ಮಗನ ಮೇಲೆ ಕಣ್ಣು ಬಿತ್ತು. “ತತ್ತಾ ಇಲ್ಲಿ” ಎಂದು ಎತ್ತಿಕೊಂಡವರು ಡೈಪರಿನ ಪಟ್ಟಿಯೊಳಗೆ ಬೆರಳಿಟ್ಟು ನೋಡಿ, “ಈ ಬಿಸ್ಲಲ್ಲಿ ಇದ ಕಟ್ಟಿ ಕೂಸ್ನ ಬೇಯಿಸ್ತಿದ್ದೀರಲ್ರವ್ವ” ಎಂದು ಬಿಚ್ಚಿ ಎಸೆದರು. ಸೊಂಟದ ಸುತ್ತ ಕೆಂಪು ದದ್ದು ಎದ್ದಿತ್ತು. ಪಕ್ಕದ ಮನೆಯ ಕೊಳಾಯಿಯಲ್ಲಿ ತೊಳೆದು, ಬರಿಮೈಯಲ್ಲೇ ಗಾಳಿಗೆ ಬಿಟ್ಟರು. ದದ್ದಿಗೆ ನಾನು ತಂದಿದ್ದ ಮುಲಾಮಿಗಿಂತ ಆ ಗಾಳಿಯೇ ಮದ್ದಾಯಿತು.

ಅತ್ತೆ ಅಷ್ಟರಲ್ಲಿ ತಮ್ಮ ಹಳೇ ಸೀರೆ ತೆಗೆದಿದ್ದರು. ತಗ್ಗಿನ ಕೊಂಬೆಯೊಂದಕ್ಕೆ ಸೀರೆಯ ಎರಡು ತುದಿ ಎತ್ತಿ ಗಂಟು ಹಾಕಿ, ಅಜ್ಜಿ ಒಮ್ಮೆ ತಮ್ಮ ಮೈಭಾರ ಹಾಕಿ ಜಗ್ಗಿ ನೋಡಿದರು. ಗಂಟು ಜಾರಲಿಲ್ಲ. ಜೋಲಿಯ ಬಾಯಿ ಮುಚ್ಚಿಕೊಳ್ಳದಂತೆ ನಡುವೆ ಒಂದು ಗಿಡ್ಡ ಕೋಲು ಅಡ್ಡ ಸಿಕ್ಕಿಸಿದರು. ಗಾಳಿ ಆಡಲೆಂದು. ಕಾರಿನ ಏಸಿಯಲ್ಲಿ ಬಿಡದಿಯಿಂದ ಕಣ್ಣು ಮುಚ್ಚದೆ ಬಂದಿದ್ದವನು ನಾಲ್ಕು ತೂಗಿಗೆ ನಿದ್ದೆ ಹೋದ. ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು, ಆ ನೋಡದ ಗೆಲುವು ಇನ್ನೂ ಕಷ್ಟ. ಆದರೂ ಹೇಳಬೇಕು, ಚೊಂಬು ಮಾತ್ರ ಕೆಲಸಕ್ಕೆ ಬರಲಿಲ್ಲ. ಶಿವಪುರದಲ್ಲಿ ಈಗ ಚೊಂಬು ಹಿಡಿದು ಹೋಗಲು ಬಯಲೇ ಉಳಿದಿಲ್ಲ. ಅತ್ತೆಯೇ ಆ ಪಕ್ಕದ ಮನೆಯವರನ್ನು ಕೇಳಿಕೊಂಡು ಒಳಗೆ ಹೋಗಿ ಬಂದರು. ಅದೇ ಮನೆಯವರು ಫ್ಲಾಸ್ಕಿಗೆ ಬಿಸಿನೀರನ್ನೂ ತುಂಬಿಕೊಟ್ಟರು.

ಮಗ ಮಲಗಿದ ಬಿಡುವಿನಲ್ಲಿ ಮಗಳನ್ನು ಹಳೆಯ ರಸ್ತೆಯ ಮಗ್ಗುಲಲ್ಲೇ ಇರುವ ಸತ್ಯಾಗ್ರಹ ಸೌಧದ ಕಡೆ ನಡೆಸಿಕೊಂಡು ಹೋದೆ. ಮೈಸೂರಿಗೆ ಹೋಗುವವರು ಸಾವಿರ ಸಲ ಇದರ ಮುಂದೆ ಹಾದು, ವಡೆಯ ಅಂಗಡಿ ಎಲ್ಲಿ ಎಂದು ಮಾತ್ರ ನೋಡಿರುತ್ತಾರೆ. 1938ರ ಏಪ್ರಿಲ್ 11ರಂದು ಇಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಶುರುವಾಯಿತು. ಕಾಂಗ್ರೆಸ್ ಬಾವುಟ ಹಾರಿಸಬಾರದೆಂದು ಜಿಲ್ಲಾ ಮ್ಯಾಜಿಸ್ಟ್ರೇಟರ ನಿಷೇಧಾಜ್ಞೆ ಇತ್ತು. ಅಧ್ಯಕ್ಷರಾಗಿದ್ದ ಟಿ. ಸಿದ್ದಲಿಂಗಯ್ಯನವರು ಬಾವುಟ ಏರಿಸಿದರು, ಅಲ್ಲೇ ಬಂಧನವಾಯಿತು, ಅವರ ಹಿಂದೆ ಇನ್ನೂ ಹಲವರದು. ಮಂಡ್ಯ ಸೀಮೆಯ ಹಳ್ಳಿಗಳಿಂದ ಸಾವಿರಗಟ್ಟಲೆ ಜನ ಬಂದಿದ್ದರು. ಎರಡು ವಾರ ಕಳೆದು ಏಪ್ರಿಲ್ 25ಕ್ಕೆ ಗೌರಿಬಿದನೂರಿನ ಹತ್ತಿರ ವಿದುರಾಶ್ವತ್ಥದಲ್ಲಿ ಇದೇ ಬಾವುಟದ ವಿಚಾರಕ್ಕೆ ಗುಂಡು ಹಾರಿ ಹೆಣ ಬಿದ್ದವು. ಆಮೇಲೆ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಜೊತೆ ಮಾತಾಡಿ, ಸಂಸ್ಥಾನದ ಬಾವುಟದ ಜೊತೆ ಕಾಂಗ್ರೆಸ್ ಬಾವುಟವೂ ಹಾರಬಹುದೆಂಬ ಒಪ್ಪಂದವಾಯಿತು.

“ಬಾವುಟ ಹಾರಿಸಿದ್ರೆ ಪೊಲೀಸ್ ಯಾಕಮ್ಮ ಹಿಡೀತಾರೆ? ನಮ್ ಸ್ಕೂಲಲ್ಲಿ ಲಡ್ಡು ಕೊಡ್ತಾರೆ” ಎಂದಳು ಮಗಳು.

ನನ್ನ ತಲೆಯಲ್ಲಿ ಚೀಲವೇ ಓಡುತ್ತಿತ್ತು. ಏಪ್ರಿಲ್ಲಿನ ಇದೇ ಬಿಸಿಲಲ್ಲಿ, ವಾಪಸು ಮನೆಗೆ ಹೋಗುತ್ತೇವೋ ಜೈಲಿಗೋ ಗೊತ್ತಿಲ್ಲದೆ ಹೊರಟವರು ಏನು ಕಟ್ಟಿಕೊಂಡಿದ್ದಿರಬಹುದು? ರೊಟ್ಟಿಯೋ, ಮುದ್ದೆಯೋ, ಒಂದು ಪಂಚೆಯೋ? ಮನೆಯಲ್ಲಿ ಉಳಿದ ಹೆಂಗಸರು ಆ ಗಂಟು ಕಟ್ಟುವಾಗ ಎಷ್ಟು ದಿನದ ಲೆಕ್ಕ ಹಾಕಿರಬಹುದು? ಇತಿಹಾಸದ ಪುಸ್ತಕಗಳಲ್ಲಿ ಅಧ್ಯಕ್ಷರ ಹೆಸರು ಇರುತ್ತದೆ, ಬುತ್ತಿಯ ಲೆಕ್ಕ ಇರುವುದಿಲ್ಲ. ಒಂದು ಮಾತ್ರ ಖಂಡಿತ. ಅವತ್ತು ಸರ್ಕಾರ ಹೆದರಿದ್ದ ಸಾಮಾನು ಒಂದೇ, ಒಂದು ತುಂಡು ಬಟ್ಟೆ.

ಸೌಧವನ್ನು ನಿಂತು ನೋಡುವ ತಾಳ್ಮೆ ಮಗಳಿಗೆ ಇರಲಿಲ್ಲ, ಹೊಟ್ಟೆ ಹಸಿದಿತ್ತು. ಖಾಲಿಯಾದ ಹೊಟ್ಟೆಗೆ ಮೊಸರನ್ನ ಮೊದಲು ಹೋಯಿತು. ಆಮೇಲೆ ಮದ್ದೂರಿಗೆ ಬಂದು ವಡೆ ತಿನ್ನದೆ ಹೋಗಬಾರದೆಂದು ನಮ್ಮ ಮನೆಯವರು ಹಟ ಹಿಡಿದರು. ರಜೆಯ ದಿನದ ಹೋಟೆಲು, ಕುರ್ಚಿಯ ಹಿಂದೆ ಕುರ್ಚಿಗಾಗಿ ಜನ ನಿಂತಿದ್ದರು. ತಿನ್ನುವವರ ಬೆನ್ನಿಗೆ ಅಂಟಿ ನಿಂತು ತುತ್ತು ಎಣಿಸುವ ಈ ಬೆಂಗಳೂರಿನ ಚಾಳಿ ನಮ್ಮ ಜೊತೆಗೇ ಇಲ್ಲಿಗೂ ಬಂದಿದೆ. ಕೂಸು ಎತ್ತಿಕೊಂಡವಳಿಗೆ ಜಾಗ ಬಿಟ್ಟವನು ಲಾರಿಯ ಕ್ಲೀನರ್ ಹುಡುಗ, ಕಾರಿನವರಲ್ಲ. ವಡೆ ಹಿಂದಿಗಿಂತ ತೆಳ್ಳಗಾಗಿದೆ, ಬೆಲೆ ದಪ್ಪಗಾಗಿದೆ. ಆದರೂ ಮಕ್ಕಳ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ತಿಂಡಿ ನಾನು ಕಂಡಿಲ್ಲ. ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿ ಕಲಸಿ ಗರಿಗರಿಯಾಗಿ ಕರಿದದ್ದು, ಎಣ್ಣೆ ಸೋರುವುದಿಲ್ಲ, ಚಟ್ನಿ ಬೇಡುವುದಿಲ್ಲ, ಮಾರನೆಯ ದಿನಕ್ಕೂ ಕೆಡುವುದಿಲ್ಲ. ನಾಲ್ಕು ವರ್ಷದವಳು ಅಂಚನ್ನಷ್ಟೇ ಇಲಿಯಂತೆ ಕಡಿಯುತ್ತಾ ಮಳವಳ್ಳಿ ಮುಟ್ಟಿದಳು.

ಅಲ್ಲಿಂದ ಮುಂದಿನದು ಬೇಗ ಮುಗಿಯುತ್ತದೆ. ಅತ್ತೆಯ ತಮ್ಮನ ಮನೆಯಲ್ಲಿ ಇದ್ದೆವು. ಗಗನಚುಕ್ಕಿಗೆ ಹೋದೆವು. 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಜಲಪಾತ ಬೇಸಿಗೆಯಲ್ಲಿ ಬಂಡೆಯ ಮೇಲೆ ನಾಲ್ಕು ಬಿಳಿ ಗೆರೆಯಂತಿತ್ತು. ಮಕ್ಕಳಿಗೆ ಅದಕ್ಕಿಂತ ಅಲ್ಲಿಯ ಮಂಗಗಳೇ ಇಷ್ಟವಾದವು. ಮುತ್ತತ್ತಿಯಲ್ಲಿ ದೇವರಿಗೆ ಕೈ ಮುಗಿದು, ನೀರಿಗೆ ಮಾತ್ರ ಯಾರನ್ನೂ ಬಿಡಲಿಲ್ಲ. ಅಲ್ಲಿ ಕಾವೇರಿಯ ಸುಳಿ ಎಷ್ಟು ಜನರನ್ನು ತಿಂದಿದೆಯೆಂದು ಊರಿನವರೇ ಹೇಳುತ್ತಾರೆ. ಶಿವಪುರ ಬಿಟ್ಟ ಮೇಲೆ ಕುಕ್ಕರ್ ಮತ್ತೆ ಡಿಕ್ಕಿಯಿಂದ ಕೆಳಗಿಳಿಯಲೇ ಇಲ್ಲ.

ರಾತ್ರಿ ಸೊಳ್ಳೆ ಬತ್ತಿ ತರಲು ಮಳವಳ್ಳಿಯ ಪೇಟೆಗೆ ಹೋದೆ. ಚಿಕ್ಕ ಅಂಗಡಿ. ಶಾಂಪೂ ಸ್ಯಾಶೆ, ಗುಟ್ಕಾ ಸರಗಳ ಪಕ್ಕದಲ್ಲಿ ಡೈಪರುಗಳು ಬಿಡಿಬಿಡಿಯಾಗಿ, ಒಂದೊಂದು ಪ್ಯಾಕೆಟ್ಟಿನಲ್ಲಿ ಒಂದೊಂದು, ಸರವಾಗಿ ನೇತಾಡುತ್ತಿದ್ದವು. ಓಆರ್‌ಎಸ್ ಪೊಟ್ಟಣವೂ ಇತ್ತು, ಟಿಶ್ಯೂ ಕೂಡ. ನಾನು ಬೆಂಗಳೂರಿನಿಂದ ಹೊತ್ತು ತಂದದ್ದರಲ್ಲಿ ಅಲ್ಲಿ ಸಿಗದಿದ್ದದ್ದು ಕಿವಿ ಹರಿದ ಮೊಲ ಒಂದೇ ಇರಬೇಕು.

ಮನೆಗೆ ಬಂದು ಹೇಳಿದೆ. ಅತ್ತೆ ಅಡಿಕೆ ಕತ್ತರಿಸುತ್ತಾ, “ಮುಂದ್ಲ ಸಲ ಬಸ್ಸಲ್ಲೇ ಬಂದ್ಬುಡವ. ಆಧಾರ್ ಕಾರ್ಡೊಂದಿದ್ರೆ ನಂಗೂ ನಿಂಗೂ ಫ್ರೀ, ಐಕ್ಳಿಗಂತೂ ಇನ್ನೂ ಆರು ತುಂಬಿಲ್ಲ” ಎಂದರು. ಶಕ್ತಿ ಯೋಜನೆ 2023ರಲ್ಲಿ ಬಂದಾಗಿನಿಂದ ಅವರು ಈ ಮಾತಿಗಾಗಿ ಕಾಯುತ್ತಿದ್ದರೆಂದು ಕಾಣುತ್ತದೆ.

“ಅಂದ್ರೆ ಟಿಕೆಟ್ಟು ನನಗೊಬ್ಬನಿಗೇನಾ?” ಎಂದು ಮಂಚದ ಮೇಲಿಂದ ನಮ್ಮ ಮನೆಯವರು ಕೇಳಿದರು.

“ಊಂ. ಬ್ಯಾಗೂ ನೀನೇ ಒತ್ಕೋಬೇಕು.”