ಒಂದು ವರ್ಷದ ಲೆಕ್ಕ

ವಿಜ್ಞಾನ ವಿಭಾಗದ ಗೆಳೆಯರನ್ನು ಮುಂದೇನು ಎಂದು ಕೇಳಿದರೆ ಹೆಚ್ಚಿನವರು ‘ನೀಟ್’ ಎನ್ನುತ್ತಾರೆ. ಡಾಕ್ಟರ್ ಆದ ಮೇಲೆ ಏನು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ನಾನು ಓದುತ್ತಿರುವುದು ವಾಣಿಜ್ಯ. ಆದರೂ ಈ ಎರಡನೆಯ ಪ್ರಶ್ನೆ ಕಳೆದ ಒಂದು ವರ್ಷದಿಂದ ನಮ್ಮ ಮನೆಯಲ್ಲೇ ಕೂತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪನನ್ನು ಮನೆಯಲ್ಲಿ ಬಡೇ ಅಬ್ಬಾ ಎನ್ನುತ್ತೇವೆ. ದೊಡ್ಡಬಳ್ಳಾಪುರದಲ್ಲಿ ಅವರಿಗೆ ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ವಿದ್ಯುತ್ ಮಗ್ಗಗಳ ಊರು, ಸುಟ್ಟ ಮೋಟಾರುಗಳಿಗೆ ಕೊರತೆಯಿಲ್ಲ. ಆ ದುಡಿಮೆಯಲ್ಲೇ ಮಗಳನ್ನು, ಅಂದರೆ ನನ್ನ ಆಪಾಳನ್ನು, ಡಾಕ್ಟರ್ ಓದಿಸಿದರು. ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್, ನಂತರ 2012ರ ಕಡ್ಡಾಯ ಸೇವೆಯ ಕಾಯ್ದೆಯಂತೆ ಒಂದು ವರ್ಷ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೆಲಸ. ಆಮೇಲೆ ನೀಟ್ ಪಿಜಿ ಬರೆದರು. ಮಕ್ಕಳ ವೈದ್ಯೆಯಾಗಬೇಕೆಂಬುದು ಆಪಾ ಆಸೆ. ಬಂದ ರ‍್ಯಾಂಕಿಗೆ ಆ ಸೀಟು ಸಿಗಲಿಲ್ಲ.

“ಇನ್ನೊಂದು ವರ್ಷ ಬರೀ ಪುಸ್ತಕ ಹಿಡಿದು ಕೂರಲ್ಲ. ಇಂಗ್ಲೆಂಡಿನಲ್ಲಿ ಒಂದೆರಡು ವರ್ಷ ಜೂನಿಯರ್ ಡಾಕ್ಟರ್ ಆಗಿ ಕೆಲಸ ಮಾಡಿ ಬರ್ತೀನಿ” ಎಂದರು ಆಪಾ. ನನ್ನ ಕಡೆ ತಿರುಗಿ, “ಅಕೌಂಟೆನ್ಸಿ ಓದ್ತೀಯಲ್ಲ, ಲೆಕ್ಕ ನೀನೇ ಬರಿ” ಎಂದರು.

ಬರೆಯಲು ಕೂತೆ. ಮೊದಲು ಇಂಗ್ಲಿಷ್ ಪರೀಕ್ಷೆ. ಐಇಎಲ್‌ಟಿಎಸ್ ಆದರೆ ಒಟ್ಟು 7.5 ಬರಬೇಕು. ನಂತರ ಪ್ಲ್ಯಾಬ್. ಅದರ ಮೊದಲ ಭಾಗದಲ್ಲಿ ಮೂರು ಗಂಟೆಗೆ 180 ಪ್ರಶ್ನೆ, ಅದನ್ನು ಭಾರತದಲ್ಲೇ ಬರೆಯಬಹುದು. ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರ್‌ಗೇ ಹೋಗಬೇಕು. ಅಲ್ಲಿ ರೋಗಿಗಳಂತೆ ನಟಿಸುವವರನ್ನು ಎಂಟೆಂಟು ನಿಮಿಷ ಪರೀಕ್ಷಿಸಿ ಮಾತನಾಡಿಸಬೇಕು. ಆಮೇಲೆ ಅಲ್ಲಿನ ವೈದ್ಯಕೀಯ ಮಂಡಳಿಯಲ್ಲಿ ನೋಂದಣಿ, ವೀಸಾ, ವಿಮಾನ, ಬಾಡಿಗೆ. ಕೂಡಿಸಿದರೆ ನಾಲ್ಕು ಲಕ್ಷ ದಾಟಿತು. ಇಷ್ಟಾದರೂ ಕೆಲಸ ಖಚಿತವಲ್ಲ. ಒಂದೊಂದು ಹುದ್ದೆಗೆ ನೂರಾರು ಅರ್ಜಿ ಬೀಳುತ್ತಿವೆ ಎಂದು ಆಪಾಳ ಸೀನಿಯರ್‌ಗಳೇ ಹೇಳಿದರು.

ಲೆಕ್ಕ ಬರೆಯುವಾಗ ಒಂದು ವಿಷಯ ಗೊತ್ತಾಯಿತು. ಬ್ರಿಟನ್ನಿನ ಯುವ ವೈದ್ಯರೂ ಹೀಗೇ ಬಿಡುವು ತೆಗೆದುಕೊಳ್ಳುತ್ತಾರೆ. ಮೊದಲ ಎರಡು ವರ್ಷದ ತರಬೇತಿ ಮುಗಿದ ಮೇಲೆ, ತಜ್ಞರಾಗುವ ಓದಿಗೆ ಸೇರುವ ಮೊದಲು, ಅನೇಕರು ಆಸ್ಟ್ರೇಲಿಯಾಕ್ಕೋ ನ್ಯೂಜಿಲೆಂಡಿಗೋ ಹೋಗಿ ದುಡಿಯುತ್ತಾರೆ. ಅಂದಮೇಲೆ ಅವರು ಎದ್ದ ಕುರ್ಚಿಯಲ್ಲಿ ನಮ್ಮವರು ಕೂರಬಹುದು. ನಮ್ಮವರು ಎದ್ದ ಕುರ್ಚಿಯಲ್ಲಿ ಯಾರು?

ಇದನ್ನು ಮನೆಯಲ್ಲಿ ಕೇಳಿದವರು ದಾದಿ. ಕನ್ನಡದಲ್ಲಿ ದಾದಿ ಎಂದರೆ ನರ್ಸು, ನಮ್ಮ ಮನೆಯಲ್ಲಿ ಅಜ್ಜಿ. ಆಪಾ ಬಿಟ್ಟು ಬಂದ ಆರೋಗ್ಯ ಕೇಂದ್ರಕ್ಕೆ ಮೂರು ತಿಂಗಳು ಬೇರೆ ಡಾಕ್ಟರ್ ಬಂದಿರಲಿಲ್ಲ. ಅದು ದಾದಿಗೆ ನೆನಪಿತ್ತು. ಅವರಿಗೆ ಇನ್ನೊಂದು ಭಯವೂ ಇತ್ತು. ‘ಡಾ. ಕೋಟ್ನಿಸ್ ಕಿ ಅಮರ್ ಕಹಾನಿ’ ಎಂಬ 1946ರ ಸಿನಿಮಾವನ್ನು ಅವರು ಟಿವಿಯಲ್ಲಿ ನೋಡಿದ್ದರು. ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್, ಮುಂಬಯಿಯಲ್ಲಿ ವೈದ್ಯಕೀಯ ಮುಗಿಸಿ ಮುಂದಿನ ಓದಿಗೆ ತಯಾರಾಗುತ್ತಿದ್ದರು. ಅದನ್ನು ಬದಿಗಿಟ್ಟು 1938ರಲ್ಲಿ ಕಾಂಗ್ರೆಸ್ ಕಳಿಸಿದ ಐವರು ವೈದ್ಯರ ತಂಡದಲ್ಲಿ ಯುದ್ಧ ನಡೆಯುತ್ತಿದ್ದ ಚೀನಾಕ್ಕೆ ಹೊರಟರು. ನಾಲ್ವರು ಮರಳಿದರು. ಕೋಟ್ನಿಸ್ ಅಲ್ಲೇ ಉಳಿದು, ಮದುವೆಯಾಗಿ, 1942ರ ಡಿಸೆಂಬರ್ 9ರಂದು 32ನೇ ವಯಸ್ಸಿನಲ್ಲಿ ತೀರಿಕೊಂಡರು.

“ಅವರು ಕಷ್ಟದಲ್ಲಿದ್ದವರ ಹತ್ತಿರ ಹೋದರು ಬೇಟಾ, ನೀನು ಯಾರ ಹತ್ತಿರ ಹೋಗ್ತೀಯ?” ಎಂದರು ದಾದಿ.

ಆಪಾ ಕೋಪ ಮಾಡಿಕೊಳ್ಳಲಿಲ್ಲ. “ಕಾಯಿಲೆಯ ಮಗು ಎಲ್ಲಿದ್ದರೂ ಕಷ್ಟದಲ್ಲೇ ಇರುತ್ತೆ ದಾದಿ. ಕೆಲಸ ಕಲಿತರೆ ಇಲ್ಲಿಗೂ ತರ್ತೀನಿ” ಎಂದರು.

ಇಬ್ಬರದೂ ಸರಿ ಅನಿಸುತ್ತದೆ. ನನ್ನ ಪುಸ್ತಕದಲ್ಲಿ ಇನ್ನೊಂದು ಪುಟ ಸೇರಿಸಿದೆ: ಮರಳಿ ಬಂದ ಮೇಲಿನ ಲೆಕ್ಕ. ಅಲ್ಲಿ ಎರಡು ವರ್ಷ ದುಡಿದರೂ ಇಲ್ಲಿ ಪಿಜಿ ಸೀಟಿಗೆ ಮತ್ತೆ ನೀಟ್ ಪಿಜಿಯನ್ನೇ ಬರೆಯಬೇಕು. ಅಷ್ಟರಲ್ಲಿ ಓದಿದ್ದು ಎಷ್ಟು ಉಳಿದಿರುತ್ತದೆ ಎಂಬುದಕ್ಕೆ ನನ್ನ ಬಳಿ ಅಂಕಿಯಿಲ್ಲ. ಆ ಪುಟ ಓದಿದ ಆಪಾ ಬಹಳ ಹೊತ್ತು ಸುಮ್ಮನಿದ್ದರು.

ಬಡೇ ಅಬ್ಬಾ ಹೇಳಿದ್ದು ಒಂದೇ ಮಾತು: “ಹೋಗು, ಆದರೆ ಸಾಲ ಮಾಡಿ ಬೇಡ.” ಈಗ ಆಪಾ ಹೊಸಕೋಟೆಯ ಒಂದು ನರ್ಸಿಂಗ್ ಹೋಂನಲ್ಲಿ ರಾತ್ರಿ ಪಾಳಿ ಮಾಡಿ ಹಣ ಕೂಡಿಸುತ್ತಿದ್ದಾರೆ. ಪ್ಲ್ಯಾಬ್ ಮೊದಲ ಭಾಗ ಪಾಸಾಗಿದೆ. ಮ್ಯಾಂಚೆಸ್ಟರ್ ಪರೀಕ್ಷೆಗೆ ಹಣ ಕಟ್ಟುವುದೋ, ಮತ್ತೆ ನೀಟ್ ಪಿಜಿಗೆ ಕೂರುವುದೋ, ಈ ತಿಂಗಳು ತೀರ್ಮಾನವಾಗಬೇಕು. ಆಪಾಗಾಗಿ ದುಆ ಮಾಡಿ.

ನೀಟ್ ಬರೆಯುವ ಗೆಳೆಯರೇ, ಕಾಲೇಜು ಫೀಸಿನ ಲೆಕ್ಕ ಹಾಕುವಾಗ ಅದರ ನಂತರದ ವರ್ಷಗಳನ್ನೂ ಮನೆಯವರ ಜೊತೆ ಕೂತು ಬರೆದಿಡಿ. ಕೂಡಿಸಲು ಸಹಾಯ ಬೇಕಿದ್ದರೆ ನಮ್ಮ ವಾಣಿಜ್ಯ ವಿಭಾಗಕ್ಕೆ ಬನ್ನಿ.