ಸರೋವರವೂ ಒಂದು ಅಮಾನತ್ತು

ಮೊಣಕಾಲು ನೋವು, ಏರು ಹತ್ತಲಾಗದು, ನಡೆಯಲು ಮಕ್ಕಳು ರಚ್ಚೆ ಹಿಡಿಯುತ್ತಾರೆ. ಕಾಡು ನೋಡಲು ಹೋಗದಿರುವುದಕ್ಕೆ ನೀವು ಹೇಳುವ ಕಾರಣಗಳು ಇವೇ ತಾನೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಈಚಮ್ ಸರೋವರದ ಬಳಿ ಇವು ಯಾವುವೂ ನಡೆಯುವುದಿಲ್ಲ. ಮಳೆಕಾಡಿನೊಳಗೆ ಸರೋವರವನ್ನು ಒಂದು ಸುತ್ತು ಬಂದರೆ ಬರೀ 3 ಕಿಲೋಮೀಟರ್. ನಿಧಾನವಾಗಿ ನಡೆದರೂ ಒಂದೂವರೆ ಗಂಟೆ ಸಾಕು. ಹೊರಟಲ್ಲಿಗೇ ಬಂದು ಸೇರುವುದರಿಂದ ದಾರಿ ತಪ್ಪುವ ಚಿಂತೆಯೂ ಇಲ್ಲ.

ಮಗಳ ಸಂಸಾರ ಕೇರ್ನ್ಸ್ ನಗರದಲ್ಲಿದೆ. ಹಾಗಾಗಿ ಆ ದಾರಿ ನನಗೆ ಪರಿಚಯವಾಯಿತು. ಸಮುದ್ರದಂಚಿನ ಊರಿನಿಂದ ಘಾಟಿ ಹತ್ತಿ ಅಥರ್ಟನ್ ಪ್ರಸ್ಥಭೂಮಿಗೆ ಹೋಗುವಾಗ ನಮ್ಮ ಚಾರ್ಮಾಡಿ, ಆಗುಂಬೆ ನೆನಪಾಗುತ್ತದೆ. ಕಾಡಿನೊಳಗೆ ಕಾಲಿಟ್ಟರೆ ತಲೆಯ ಮೇಲೆ ಎಲೆಗಳ ಚಪ್ಪರ, ಬುಡದಲ್ಲಿ ಗೋಡೆಯಂತೆ ಬೇರು ಚಾಚಿದ ಮರಗಳು. ಅರ್ಧ ಕಿಲೋ ತೂಗುವ ಪುಟ್ಟ ಕಾಂಗರೂ ಹಗಲಲ್ಲೇ ಬಿದ್ದ ಹಣ್ಣು ಹೆಕ್ಕುತ್ತಿರುತ್ತದೆ. ಅದು ಮಣ್ಣಲ್ಲಿ ಹುಗಿದಿಟ್ಟು ಮರೆತ ಬೀಜಗಳೇ ನಾಳೆಯ ಮರಗಳು. ಸುಬ್‌ಹಾನಲ್ಲಾಹ್! ದಾರಿ ಬಿಟ್ಟು ಮಾತ್ರ ಇಳಿಯಬೇಡಿ. ಮುಟ್ಟಿದರೆ ತಿಂಗಳುಗಟ್ಟಲೆ ಉರಿಯಬಲ್ಲ ಗಿಡವೊಂದು ಆ ಕಾಡಿನಲ್ಲಿದೆ.

ಸರೋವರದ ಹುಟ್ಟೂ ಸೋಜಿಗವೇ. ನೆಲದಡಿಯ ಕುದಿಬಂಡೆಗೆ ನೀರು ತಾಗಿ, ಹಬೆಯ ಒತ್ತಡಕ್ಕೆ ನೆಲ ಸಿಡಿದು ಆದ ಕುಳಿ ಇದು. ಆಳ ಸುಮಾರು 65 ಮೀಟರ್. ಇದಕ್ಕೆ ನದಿ ಬಂದು ಸೇರುವುದಿಲ್ಲ, ಇದರಿಂದ ನದಿ ಹೊರಡುವುದೂ ಇಲ್ಲ. ತುಂಬುವುದು ಮಳೆಯಿಂದಲೇ.

ಹೀಗೆ ಸುತ್ತಲೂ ಮುಚ್ಚಿದ ಈ ನೀರಿನಲ್ಲಿ ಬೆರಳುದ್ದದ ಬಣ್ಣದ ಮೀನೊಂದಿತ್ತು. ಹೆಸರು ಈಚಮ್ ಕಾಮನಬಿಲ್ಲು ಮೀನು. ವಿಜ್ಞಾನಿಗಳು 1982ರಲ್ಲಿ ಅದನ್ನು ಹೊಸ ಜಾತಿಯೆಂದು ದಾಖಲಿಸಿದರು. ಆ ದಶಕ ಮುಗಿಯುವ ಮೊದಲೇ ಅದು ಸರೋವರದಿಂದ ಕಾಣೆಯಾಯಿತು! ಯಾರೋ ಹೊರಗಿನಿಂದ ತಂದು ಬಿಟ್ಟ ಬೇರೆ ಜಾತಿಯ ಮೀನುಗಳು ಅದನ್ನು ಮುಗಿಸಿಬಿಟ್ಟವು. ಸಾಕಿದ ಮರಿಗಳನ್ನು ಮತ್ತೆ ಬಿಟ್ಟರೂ ಅವು ನೆಲೆಯೂರಲಿಲ್ಲ. ಸುತ್ತಲಿನ ತೊರೆಗಳಲ್ಲಿ ಆ ಜಾತಿ ಉಳಿದಿರುವುದಷ್ಟೇ ಸಮಾಧಾನ.

ಬಿಟ್ಟವರು ಕೆಡುಕು ಬಯಸಿ ಬಿಟ್ಟಿರಲಿಕ್ಕಿಲ್ಲ. ಆದರೆ ಒಳ್ಳೆಯ ಉದ್ದೇಶವೊಂದೇ ಸಾಲದು. ಅದೇ ಘಾಟಿಯ ಬುಡದಲ್ಲಿರುವ ಗೋರ್ಡನ್‌ವೇಲ್‌ನಲ್ಲಿ 1935ರಲ್ಲಿ ಕಬ್ಬಿನ ಹುಳ ತಿನ್ನಲೆಂದು ಹೊರನಾಡಿನ ವಿಷಗಪ್ಪೆಗಳನ್ನು ಬಿಟ್ಟರು. ಹುಳಗಳ ಕಾಟ ತಪ್ಪಲಿಲ್ಲ. ಕಪ್ಪೆಗಳು ಮಾತ್ರ ದೂರದೂರಕ್ಕೆ ಹರಡಿ, ತಮ್ಮನ್ನು ತಿಂದ ಪ್ರಾಣಿಗಳನ್ನೇ ಕೊಂದವು.

ಇದು ದೂರದೇಶದ ಕಥೆಯೆಂದು ಪುಟ ಮಗುಚಬೇಡಿ. ನಮ್ಮಲ್ಲೂ ಮಕ್ಕಳಿಗೆ ಬೇಸರ ಬಂದಾಗ ಗಾಜಿನ ತೊಟ್ಟಿಯ ಮೀನನ್ನು ಕೆರೆಗೋ ಹೊಳೆಗೋ ಸುರಿಯುವವರಿದ್ದಾರೆ. 'ಪಾಪ, ಬದುಕಿಕೊಳ್ಳಲಿ' ಎಂಬ ಕರುಣೆ ಅವರದು. ಒಂದು ಜೀವಕ್ಕೆ ತೋರಿದ ಆ ಕರುಣೆ ಕೆರೆಯ ನೂರಾರು ಜೀವಗಳಿಗೆ ಮುಳುವಾದೀತು. ಕಂಡಕಂಡದ್ದನ್ನೆಲ್ಲ ತಿನ್ನುವ ಆಫ್ರಿಕನ್ ಕ್ಯಾಟ್‌ಫಿಶ್‌ನ ಸಾಕಣೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಿರುವುದೂ ಇದೇ ಭಯದಿಂದ.

ಭೂಮಿಯಲ್ಲಿ ನಾವು ಅಲ್ಲಾಹನ ಪ್ರತಿನಿಧಿಗಳು ಎಂದು ಹೇಳಿಕೊಳ್ಳುತ್ತೇವೆ. ಪ್ರತಿನಿಧಿಯೆಂದರೆ ಒಡೆಯನಲ್ಲ, ಲೆಕ್ಕ ಒಪ್ಪಿಸಬೇಕಾದವನು. ನೆರೆಮನೆಯವರು ನಂಬಿ ಕೊಟ್ಟುಹೋದ ಚಿನ್ನವನ್ನು ನಾವು ಎಷ್ಟು ಜೋಪಾನವಾಗಿ ಇಡುತ್ತೇವೆ! ಊರಿನ ಕೆರೆಯೂ ಹಾಗೆಯೇ ನಮ್ಮ ಕೈಗೆ ಕೊಟ್ಟ ಅಮಾನತ್ತು.

ಮುಂದಿನ ರಜೆಯಲ್ಲಿ ಮಕ್ಕಳ ಕೈಹಿಡಿದು ನಿಮ್ಮೂರಿನ ಕೆರೆಗೆ ಒಂದು ಸುತ್ತು ಬನ್ನಿ. ಅದರಲ್ಲಿ ಯಾವ ಮೀನಿದೆ, ದಡದಲ್ಲಿ ಯಾವ ಮರವಿದೆ ಎಂದು ಹಿರಿಯರಲ್ಲಿ ಕೇಳಿ ತಿಳಿಸಿ. ಹೆಸರು ಗೊತ್ತಿಲ್ಲದ ಜೀವ ಕಣ್ಮರೆಯಾದರೆ ಅದಕ್ಕಾಗಿ ಮರುಗುವವರೂ ಇರುವುದಿಲ್ಲ.