ಹೆಪ್ಪು

ನಮ್ಮೂರು ಮಳವಳ್ಳಿಗೆ ಹತ್ತಿರದ ಒಂದು ಹಳ್ಳಿ. ಅಲ್ಲಿ ಬೆಳಗಾದರೆ ಅಂಬಲಿ. ರಾತ್ರಿ ರಾಗಿಹಿಟ್ಟನ್ನು ಗಂಜಿಯಾಗಿ ಕಾಯಿಸಿ, ಆರಿಸಿ, ಮಡಕೆಯಲ್ಲಿ ಮುಚ್ಚಿಟ್ಟು, ಹುಳಿ ಬಂದ ಮೇಲೆ ಬೆಳಿಗ್ಗೆ ಮಜ್ಜಿಗೆ, ಉಪ್ಪು, ಈರುಳ್ಳಿ ಬೆರೆಸಿದರಾಯಿತು. ಅದನ್ನು ಕುಡಿದೇ ನಾನು ಬೆಳೆದವನು. ಆದರೆ ಬಿ.ಎ. ತರಗತಿಗೆ ಸೇರಿದ ಮೇಲೆ ಹಾಗೆಂದು ಹೇಳಿಕೊಳ್ಳಲು ನಾಚಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಮೊದಲ ವರ್ಷದಲ್ಲೊಮ್ಮೆ ಅಜ್ಜಿ ಸೀಸೆಯ ತುಂಬ ಅಂಬಲಿ ಕೊಟ್ಟು ಕಳುಹಿಸಿದಳು. ಬಸ್ಸು ಮದ್ದೂರನ್ನು ಸಮೀಪಿಸುವಷ್ಟರಲ್ಲಿ ಅದು ಬಿಸಿಲಿಗೆ ಉಬ್ಬಿ, ಮುಚ್ಚಳ ಹಾರಿ, ಪಕ್ಕದ ಹಿರಿಯರ ಬಿಳಿ ಪಂಚೆಗೆ ಅಭಿಷೇಕವಾಯಿತು. ಮದ್ದೂರಿನಲ್ಲಿ ಇಳಿದವನೇ ಉಳಿದುದನ್ನು ಚರಂಡಿಗೆ ಸುರಿದು, ಸೀಸೆಯನ್ನು ತೊಳೆದು, ಎರಡು ವಡೆ ತಿಂದು ಮಂಡ್ಯದ ಬಸ್ಸು ಹತ್ತಿದೆ. ಊರಿಗೆ ಹೋದಾಗ, “ಬಲು ಚೆನ್ನಾಗಿತ್ತಜ್ಜಿ” ಎಂದೆ.

ಕಳೆದ ವರ್ಷ ನನಗೆ ಗಂಟಲುಬೇನೆ ಬಂತು. ಆಂಟಿಬಯೋಟಿಕ್ ಗುಳಿಗೆಗಳಿಂದ ಗಂಟಲು ವಾಸಿಯಾಯಿತು, ಹೊಟ್ಟೆ ಕೆಟ್ಟಿತು. ಡಾಕ್ಟರು ನಕ್ಕು, “ರೋಗಾಣುಗಳ ಜೊತೆಗೆ ನಿನ್ನ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸತ್ತಿವೆ. ಮನೆಯಲ್ಲಿ ಮಜ್ಜಿಗೆ ಉಂಟೇನಪ್ಪ?” ಎಂದು ಕೇಳಿದರು. ನನಗೆ ಮದ್ದೂರಿನ ಚರಂಡಿ ನೆನಪಾಯಿತು.

ಆಮೇಲೆ ಈ ವಿಷಯವಾಗಿ ಸಿಕ್ಕಿದ್ದನ್ನೆಲ್ಲ ಓದಿದೆ. ನಮ್ಮ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಅವುಗಳಲ್ಲಿ ಬಹುಪಾಲಿನ ವಾಸ ದೊಡ್ಡ ಕರುಳಿನಲ್ಲಿ. ನಮಗೆ ಜೀರ್ಣವಾಗದ ನಾರನ್ನು ಅವು ಉಂಡು, ಕರುಳಿನ ಗೋಡೆಗೆ ಆಹಾರವಾಗುವ ಆಮ್ಲಗಳನ್ನು ಕೊಡುತ್ತವೆ. 1908ರಲ್ಲಿ ನೊಬೆಲ್ ಬಹುಮಾನ ಪಡೆದ ರಷ್ಯದ ಮೆಚ್ನಿಕಾಫ್, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರ ಹುಳಿಹಾಲೇ ಕಾರಣವೆಂದು ನಂಬಿದ್ದನಂತೆ. ನಮ್ಮಜ್ಜಿಯ ಪಕ್ಷಕ್ಕೆ ಎಂಥ ವಕೀಲ! ಆದರೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಕ್ಕಷ್ಟು ಸಂಖ್ಯೆಯಲ್ಲಿ ಜೀವಂತವಾಗಿ ಒಳಸೇರಿ ಆರೋಗ್ಯಕ್ಕೆ ಒಳಿತು ಮಾಡುವ ಜೀವಾಣುಗಳಿಗೆ ಮಾತ್ರ ‘ಪ್ರೊಬಯೋಟಿಕ್’ ಎಂಬ ಹೆಸರು ಸಲ್ಲುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಹಾಗೂ ವಿಶ್ವಸಂಸ್ಥೆಯ ಆಹಾರ ಸಂಸ್ಥೆಯ ತಜ್ಞರು 2001ರಲ್ಲಿ ನಿರ್ಣಯಿಸಿದರು. ಇಡ್ಲಿಯ ಹಿಟ್ಟು ಹುಳಿಯುವುದು ಬ್ಯಾಕ್ಟೀರಿಯಾಗಳಿಂದಲೇ. ಹಬೆಯಲ್ಲಿ ಅವು ಸತ್ತುಹೋಗುತ್ತವೆ. ಮಜ್ಜಿಗೆಯಲ್ಲಿ ಜೀವಂತವಾಗಿರುವುವು ಕೂಡ ಜಠರದ ಆಮ್ಲವನ್ನು ದಾಟಿ ಎಷ್ಟು ಉಳಿದಾವೆಂಬುದು ಅವುಗಳ ಜಾತಿಯ ಮೇಲೆ ನಿಂತಿದೆ. ನಾನು ಗುಣವಾದದ್ದು ಮಜ್ಜಿಗೆಯಿಂದಲೋ, ದಿನ ಕಳೆದದ್ದರಿಂದಲೋ, ಹೇಳಲಾರೆ.

ಈ ವಿದ್ಯೆಯನ್ನೆಲ್ಲ ಹೊತ್ತು ಊರಿಗೆ ಹೋದೆ. ಅಜ್ಜಿ ಕಾಯಿಸಿದ ಹಾಲಿಗೆ ಕಿರುಬೆರಳು ಅದ್ದಿ ನೋಡುತ್ತಿದ್ದಳು. “ಸುಡ್ತಿದ್ರೆ ಹೆಪ್ಪು ಸತ್ತೋಯ್ತದೆ; ತಣ್ಣಗಿದ್ರೆ ಮನಿಕತದೆ ಕನ್ ಮಗ” ಎಂದಳು. ಹೆಪ್ಪಿಗೆ ಜೀವವುಂಟೆಂದು ಅಕ್ಷರ ಕಲಿಯದ ಅವಳಿಗೆ ಯಾರು ಹೇಳಿಕೊಟ್ಟರೋ! ನಾನು ತಡೆಯಲಾರದೆ ಮದ್ದೂರಿನ ಸಂಗತಿಯನ್ನು ಹೇಳಿಬಿಟ್ಟೆ.

“ಆವತ್ತೇ ಗೊತ್ತಾಯ್ತು ಬುಡು. ನೀನು ಯಾವತ್ತು ಸೀಸೆ ತೊಳ್ದು ತಂದಿದ್ದೆ?” ಎಂದಳು.

ಈಗ ಮಂಡ್ಯದ ನನ್ನ ಕೋಣೆಯಲ್ಲಿ ಅವಳು ಕೊಟ್ಟ ಹೆಪ್ಪಿನಿಂದ ದಿನವೂ ಮೊಸರಾಗುತ್ತದೆ. ಗೆಳೆಯರೂ ಕೇಳಿ ಒಯ್ಯುತ್ತಾರೆ. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಅವರು ಬರುವುದೇ ಸಂಜೆ, ನಾನು ಕೊಡುತ್ತೇನೆ. ಇದೊಂದನ್ನು ಮಾತ್ರ ಅಜ್ಜಿಗೆ ಇನ್ನೂ ಹೇಳಿಲ್ಲ.